ಬರಡು ತೋರಿಸಿದವಳು

ಸರ್ವೆಯ ಹುಡುಗಿಯ ಮೇಲೆ ಕೆಸರು ಎಸೆದ ಮೊದಲ ಕೈ ಕಾಲ್ಗಣ್ಣಿಯದು.

ಆಮೇಲೆ ಇನ್ನೂ ಇಪ್ಪತ್ತು ಕೈಗಳು ಎಸೆದವು, ಅದು ಬೇರೆ ಮಾತು. ಮೊದಲನೆಯದು ಅವಳದೇ. ಬಗ್ಗಿ ಮುಷ್ಟಿ ತುಂಬ ಕರಿ ಕೆಸರು ಎತ್ತಿ, ಗುರಿಯಿಟ್ಟು ಎಸೆದಳು. ಅದು ಹೋಗಿ ಬಡಿದದ್ದು ಹುಡುಗಿಯ ಬಾಯಿಗೆ. ಹುಡುಗಿ ಏನನ್ನೋ ಕೇಳುವುದಕ್ಕೆ ಬಾಯಿ ತೆರೆದಿದ್ದಳು. “ಅಕ್ಕ, ಅವತ್ತು ನೀವು” ಎಂಬಷ್ಟು ಹೊರಗೆ ಬಂದಿತ್ತು. ಉಳಿದ ಮಾತು ಕೆಸರಿನ ಜೊತೆ ಗಂಟಲಿಗೆ ಹೋಯಿತು.

ಸಾಲುಮನೆಯ ಹೆಂಗಸರು ಅದನ್ನು ಸಿಟ್ಟು ಅಂದುಕೊಂಡರು. ಭಲೇ ಎಂದು ಬೆನ್ನು ತಟ್ಟಿದರು. ಅದು ಸಿಟ್ಟಾಗಿರಲಿಲ್ಲ, ಹೆದರಿಕೆ. ಆ ಹುಡುಗಿ ಬಾಯಿ ಬಿಟ್ಟರೆ ತನ್ನ ಬಣ್ಣ ಬಯಲಾಗುತ್ತದೆ ಎಂಬ ಹೆದರಿಕೆ. ಅದು ಕಾಲ್ಗಣ್ಣಿಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ಹುಡುಗಿಗೂ ಗೊತ್ತಾಯಿತು. ಹುಡುಗಿ ಮುಖ ಒರೆಸಿಕೊಳ್ಳಲಿಲ್ಲ. ಕಾಲ್ಗಣ್ಣಿಯನ್ನೇ ನೋಡಿದಳು. ಆಮೇಲೆ ಚೀಲ ಹೆಗಲಿಗೇರಿಸಿ ನಡೆದು ಹೋದಳು. ಯಾರ ಹೆಸರನ್ನೂ ಹೇಳಲಿಲ್ಲ.

ಹೇಳಿದ್ದರೆ ಚೆನ್ನಾಗಿತ್ತು ಎಂದು ಕಾಲ್ಗಣ್ಣಿಗೆ ಆಮೇಲೆ ಎಷ್ಟು ಸಲ ಅನಿಸಿತೋ ಲೆಕ್ಕವಿಲ್ಲ.

ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ, ಬಂದರಿನ ಗೋಡೆಗೆ ಬೆನ್ನು ಹಚ್ಚಿಕೊಂಡು ನಿಂತ ತಗಡಿನ ಸಾಲುಮನೆ ಅವರದು. ಗಂಡಸರು ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಹೆಂಗಸರು ಅಳಿವೆಯಲ್ಲಿ ಕಪ್ಪೆಚಿಪ್ಪು ಆರಿಸುತ್ತಿದ್ದರು. ಆರಿಸುವುದು ಅಂದರೆ ಹೂವು ಆರಿಸಿದ ಹಾಗಲ್ಲ. ನೀರು ಇಳಿದಾಗ ಸೊಂಟದ ಮಟ್ಟಕ್ಕೆ ಇಳಿಯಬೇಕು. ಬುಟ್ಟಿಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡು ತೇಲಿಸಬೇಕು. ಕೆಸರು ನೀರಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಪಾದವೇ ಹುಡುಕಬೇಕು. ಗಟ್ಟಿಯಾದದ್ದು ತಗುಲಿದರೆ ಬೆರಳ ಸಂದಿಯಲ್ಲಿ ಹಿಡಿದು, ಮಂಡಿ ಮಡಚಿ, ಕೈಗೆ ಕೊಟ್ಟು, ಬುಟ್ಟಿಗೆ ಹಾಕಬೇಕು. ನೀರು ಮತ್ತೆ ಏರುವವರೆಗೆ ನಾಲ್ಕೈದು ತಾಸು ಇದೇ ಕೆಲಸ. ಒಡೆದ ಚಿಪ್ಪಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಉಪ್ಪುನೀರು ಗಾಯವನ್ನು ಮಾಯಲು ಬಿಡುವುದಿಲ್ಲ. ಮುಟ್ಟಾದವಳೂ ಇಳಿಯಬೇಕು, ಏಳು ತಿಂಗಳ ಬಸುರಿಯೂ ಇಳಿಯಬೇಕು. ಇಳಿಯದಿದ್ದರೆ ಅವತ್ತು ಒಲೆ ಹೊತ್ತುವುದಿಲ್ಲ.

ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಇವಳಿಗೆ ಕಾಲಲ್ಲೇ ಕಣ್ಣು ಎಂದು ಅವಳ ಅತ್ತೆ ಮದುವೆಯಾದ ವರ್ಷವೇ ಹೇಳಿದ್ದಳು. ಅಂದಿನಿಂದ ಅವಳು ಕಾಲ್ಗಣ್ಣಿ. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತಂತಾಗಿತ್ತು.

ಕಾಲು ಹೇಗೆ ಇಡಬೇಕೆಂದು ಕಲಿಸಿದವಳೂ ಅತ್ತೆ, ಬರಡು ತೋರಿಸುವುದನ್ನು ಕಲಿಸಿದವಳೂ ಅತ್ತೆ. ಹೊರಗಿನವರು ಯಾರೇ ಬಂದು ಚಿಪ್ಪು ಒತ್ತಾಗಿ ಬೆಳೆಯುವ ಹಾಸು ಎಲ್ಲಿದೆ ಎಂದು ಕೇಳಲಿ, ಚಿಪ್ಪೇ ಇಲ್ಲದ ಬರಡು ಕೆಸರನ್ನು ತೋರಿಸಿ ಕಳಿಸುವುದು. ಅದಕ್ಕೇ ಆ ಮಾತು. ಅತ್ತೆಯ ಕಾಲದಲ್ಲಿ ಒಬ್ಬ ವ್ಯಾಪಾರಿ ನಯವಾಗಿ ಮಾತಾಡಿ ಜಾಗ ಕೇಳಿಕೊಂಡು ಹೋಗಿದ್ದನಂತೆ. ಮರುವಾರ ಮೋಟಾರು ದೋಣಿಗಳು ಬಂದವು. ಹಿಂದೆ ಕಬ್ಬಿಣದ ಹಲ್ಲಿನ ಬಲೆ. ಎಂಟು ದಿನದಲ್ಲಿ ಹಾಸನ್ನು ಬೇರುಸಹಿತ ಕೆರೆದು ಹೋದರು. ಏಳು ವರ್ಷ ಅಲ್ಲಿ ಒಂದು ಮರಿಚಿಪ್ಪೂ ಹುಟ್ಟಲಿಲ್ಲ. ಆ ಏಳು ವರ್ಷದಲ್ಲಿ ಅತ್ತೆ ಎರಡು ಮಕ್ಕಳನ್ನು ಕಳೆದುಕೊಂಡಿದ್ದಳು. ಹಾಗಾಗಿ ಆಕೆ ಈ ಪಾಠವನ್ನು ಸೊಸೆಗೆ ಬರೀ ಬಾಯಲ್ಲಿ ಹೇಳಿರಲಿಲ್ಲ. ಒಮ್ಮೆ ಯಾವನೋ ದಾರಿಹೋಕನ ಮುಂದೆ ಸೊಸೆ ಹಾಸಿನ ಕಡೆ ತಿರುಗಿ ನೋಡಿದ್ದಕ್ಕೇ ಕೆನ್ನೆಗೆ ಬಾರಿಸಿದ್ದಳು.

ಬಂದರಿಗೆ ದೊಡ್ಡ ಹಡಗು ಬರಬೇಕಿತ್ತು. ದೊಡ್ಡ ಹಡಗಿಗೆ ಆಳ ಬೇಕು. ಆಳಕ್ಕೆ ಹೂಳು ತೆಗೆಯಬೇಕು. ತೆಗೆದ ಹೂಳನ್ನು ಎಲ್ಲಾದರೂ ಸುರಿಯಬೇಕು. ಇಷ್ಟನ್ನು ಹೇಳುವುದಕ್ಕೆ ಬಂದರಿನ ಪರಿಸರ ಅಧಿಕಾರಿ ಶಾಲೆಯ ಕೋಣೆಯಲ್ಲಿ ಸಭೆ ಕರೆದ. ಮಕ್ಕಳ ಬೆಂಚಿನ ಮೇಲೆ ಮಂಡಿ ಎದೆಗೆ ತಗುಲುವಂತೆ ಕೂತ ಹೆಂಗಸರ ಮುಂದೆ ಅವನು ಎರಡೂ ಅಂಗೈ ಎತ್ತಿ ಹಿಡಿದ. ಒಂದು ಕೈಯಲ್ಲಿ ಬಂದರಂತೆ, ಇನ್ನೊಂದರಲ್ಲಿ ಹೊಳೆಯಂತೆ. ಎರಡೂ ಸಮ ಇರಬೇಕಂತೆ. ಮಾತು ಮುಗಿಯುವವರೆಗೂ ಕೈ ಇಳಿಸಲಿಲ್ಲ. ಅವತ್ತೇ ಅವನಿಗೆ ತಕ್ಕಡಿ ಸಾಹೇಬ ಎಂದು ಹೆಸರು ಬಿತ್ತು. ಕೆಟ್ಟವನೇನಲ್ಲ. ನಗುನಗುತ್ತಲೇ ಮಾತಾಡುತ್ತಿದ್ದ. ಆದರೆ ಬಂದರಿನ ಕೈ ಯಾವಾಗಲೂ ಒಂದು ಗೇಣು ಕೆಳಗೇ ಇರುತ್ತಿತ್ತು.

ಅವನ ಹಿಂದೆಯೇ ಬಂದವಳು ಸರ್ವೆಯ ಹುಡುಗಿ. ತೆಳ್ಳಗೆ ಕಡ್ಡಿಯಂತಿದ್ದಳು. ಬೆಂಚಿನ ಮೇಲೆ ಕೂರದೆ ಹೆಂಗಸರ ನಡುವೆ ನೆಲದ ಮೇಲೆ ಕೂತಳು. ಅವಳು ಹೇಳಿದ್ದು ಒಂದೇ ಮಾತು. ಎಲ್ಲಿ ಜೀವ ಇದೆ ಎಂದು ತೋರಿಸಿದರೆ ಅಲ್ಲಿ ಹೂಳು ಸುರಿಯುವ ಹಾಗಿಲ್ಲ, ಅದು ಕಾನೂನು, ನೀವು ತೋರಿಸಿ, ನಾನು ಬರೆಯುತ್ತೇನೆ ಎಂದಳು.

ಸಾಲುಮನೆಯವರು ಮೂರು ದಿನ ಜಗಳಾಡಿದರು. ತೋರಿಸಬಾರದು ಎಂದವರೂ ಇದ್ದರು. ಕೊನೆಗೆ ಕಾಲ್ಗಣ್ಣಿಯ ನಾದಿನಿ ಎದ್ದು ನಿಂತಳು. ಗಂಡ ಸತ್ತವಳು, ಮೂರು ಹೆಣ್ಣುಮಕ್ಕಳ ತಾಯಿ, ಹಾಸನ್ನು ಬಿಟ್ಟರೆ ಬೇರೆ ದಿಕ್ಕಿಲ್ಲದವಳು. ಇಷ್ಟು ದಿನ ಮುಚ್ಚಿಟ್ಟು ಉಳಿಸಿಕೊಂಡೆವು, ಈ ಸಲ ಮುಚ್ಚಿಟ್ಟರೆ ಕಳೆದುಕೊಳ್ಳುತ್ತೇವೆ ಎಂದಳು. ಎಲ್ಲರೂ ಒಪ್ಪಿದರು. ತೋರಿಸುವುದಕ್ಕೆ ಕಾಲ್ಗಣ್ಣಿಯೇ ಹೋಗಲಿ ಎಂದರು. ಅವಳೂ ಹೂಂ ಎಂದಳು. ಅದನ್ನು ಮನಸ್ಸಿಟ್ಟೇ ಹೇಳಿದ್ದಳು.

ದೋಣಿ ಹತ್ತಿ ತಲೆಯೆತ್ತಿ ನೋಡಿದಳು. ಚುಕ್ಕಾಣಿ ಹಿಡಿದು ಕೂತವನು ಅತ್ತೆಯ ಕಾಲದಲ್ಲಿ ಹಾಸು ಕೆರೆಸಿದ ಆ ವ್ಯಾಪಾರಿಯ ಮೊಮ್ಮಗ. ಮೋಟಾರು ದೋಣಿಗಳೆಲ್ಲ ಈಗ ಅವನವೇ. ಬಂದರಿನವರು ಬಾಡಿಗೆಗೆ ಹಿಡಿದಿದ್ದರು. ಅವನು ಬೀಡಿ ಕಚ್ಚಿಕೊಂಡು, ಹೇಳಿ ಎಲ್ಲಿಗೆ ಹೋಗೋಣ ಎಂದು ಹಲ್ಲು ಬಿಟ್ಟ.

ಹಾಸು ಕುಡುಗೋಲಿನ ಆಕಾರದಲ್ಲಿ ಹೊಳೆಯ ನಡುವೆ ಬಾಗಿಕೊಂಡಿತ್ತು. ಕಾಲ್ಗಣ್ಣಿಗೆ ಅದರ ಒಂದೊಂದು ಮೊಳವೂ ಗೊತ್ತು. ಎಲ್ಲಿಗೆ ಅಕ್ಕ ಎಂದು ಹುಡುಗಿ ಕೇಳಿದಳು. ಕಾಲ್ಗಣ್ಣಿ ಕೈ ಎತ್ತಿದಳು. ಎತ್ತಿದ ಕೈ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಮೂವತ್ತು ಮಾರು ಆಚೆ ಬರಡು ಕೆಸರು. ಅಲ್ಲಿ, ಎಂದಳು. ಒಂದು ಸಲ ಸುಳ್ಳು ಹೇಳಿದ ಮೇಲೆ ಉಳಿದದ್ದು ಸಲೀಸು. ಹಾಸಿನ ಸುತ್ತ ಒಂದು ಚಿಪ್ಪಿಗೂ ತಗುಲದ ಹಾಗೆ ಹನ್ನೆರಡು ಕಡೆ ಗೂಟ ಹಾಕಿಸಿದಳು. ಸುಳ್ಳಿನಲ್ಲೂ ಅವಳ ಕಾಲು ತಪ್ಪಲಿಲ್ಲ.

ಹನ್ನೆರಡು ಕಡೆಯೂ ಹುಡುಗಿ ಕೆಸರು ಎತ್ತಿ ಜರಡಿ ಹಿಡಿದಳು. ಹನ್ನೆರಡು ಕಡೆಯೂ ಖಾಲಿ. ಹುಡುಗಿಯ ಮುಖ ಸಣ್ಣದಾಯಿತು. ಏನೂ ಇಲ್ವಲ್ಲ ಅಕ್ಕ ಎಂದಳು. ಅವಳ ದನಿಯಲ್ಲಿ ನಿಜವಾದ ಸಂಕಟವಿತ್ತು. ಅದನ್ನು ಕೇಳಿಯೂ ಕಾಲ್ಗಣ್ಣಿ, ಮೊದಲು ಇದ್ದವು, ಈಗ ಎಲ್ಲ ಸತ್ತವು ಎಂದುಬಿಟ್ಟಳು. ಹುಡುಗಿ ಅದನ್ನೂ ಬರೆದುಕೊಂಡಳು.

ದಂಡೆಗೆ ಬಂದಾಗ ತೋರಿಸಿದೆಯಾ ಎಂದು ನಾದಿನಿ ಕೇಳಿದಳು. ತೋರಿಸಿದೆ, ಎಂದಳು. ಮೋಟಾರು ದೋಣಿಯವನಿದ್ದ, ತೋರಿಸಲು ಆಗಲಿಲ್ಲ, ಇನ್ನೊಂದು ದಿನ ಹುಡುಗಿಯನ್ನು ಒಬ್ಬಳನ್ನೇ ಕರೆದುಕೊಂಡು ಹೋಗೋಣ ಎಂದು ಹೇಳಬಹುದಿತ್ತು. ನಾಲ್ಕು ಮಾತಿನ ಕೆಲಸ. ಆದರೆ ಮೂರು ದಿನ ಜಗಳಾಡಿ ಒಪ್ಪಿದವರ ಮುಂದೆ ಅವಳಿಗೆ ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಇನ್ನೊಂದು ನಾಳೆಯಾಯಿತು.

ಮೂರು ತಿಂಗಳಿಗೆ ವರದಿ ಬಂತು. ಮೈಕಿನಲ್ಲಿ ಓದಿ ಹೇಳಿದರು. ಹೂಳು ಸುರಿಯುವ ಜಾಗಕ್ಕೆ ನಾಲ್ಕು ಮೂಲೆಗೆ ನಾಲ್ಕು ಬಾವುಟ. ನಡುವೆ ಹಾಸು. ಅಲ್ಲಿ ಜೀವವಿಲ್ಲ, ಚಿಪ್ಪೆಲ್ಲ ಸತ್ತಿವೆಯೆಂದು ಸ್ಥಳೀಯರೇ ಹೇಳಿದ್ದಾರೆ ಎಂದು ಮೈಕು ಕಿರುಚಿತು. ತನ್ನ ಮಾತು ಹೀಗೆ ಊರೆಲ್ಲ ಕೇಳುವ ಹಾಗೆ ತಿರುಗಿ ಬಂದಾಗ ಕಾಲ್ಗಣ್ಣಿ ಹೆಂಗಸರ ಹಿಂದಕ್ಕೆ ಸರಿದಳು. ಯಾರು ಆ ಸ್ಥಳೀಯರು, ಎಲ್ಲ ಅವಳ ಕಟ್ಟುಕಥೆ ಎಂದು ಹೆಂಗಸರು ಹುಡುಗಿಗೆ ಹಿಡಿ ಶಾಪ ಹಾಕಿದರು. ಬುಟ್ಟಿ ತುಂಬ ಜೀವಂತ ಚಿಪ್ಪು ಹೊತ್ತುಕೊಂಡು ಕಚೇರಿಗೆ ಹೋದರು. ಬೇರೆ ಕಡೆಯಿಂದ ತಂದಿದ್ದೀರಿ, ಆಕ್ಷೇಪಣೆಯ ಗಡುವೂ ಮುಗಿದಿದೆ ಎಂದು ತಕ್ಕಡಿ ಸಾಹೇಬ ನಗುತ್ತಲೇ ಕಳಿಸಿದ. ಬುಟ್ಟಿಯ ಒಂದು ಬದಿ ಹಿಡಿದವಳು ಕಾಲ್ಗಣ್ಣಿಯೇ. ಬಾಯಿ ಬಿಡಲಿಲ್ಲ.

ಅದಾದ ಮೇಲೆಯೇ ಹುಡುಗಿ ಸಾಲುಮನೆಗೆ ಬಂದದ್ದು, ಕೆಸರು ಬಿದ್ದದ್ದು.

ಪಾಪ ಅಲ್ಲಿಗೂ ಮುಗಿಯಲಿಲ್ಲ. ಬಂದರಿನವರು ಹೊಳೆ ಕಾಯುವುದಕ್ಕೆ ಸಾಲುಮನೆಯಿಂದ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದರು. ವರದಿಯ ಕೊನೆಯ ಹಾಳೆಯಲ್ಲಿ ದಾರಿ ತೋರಿಸಿದವಳ ಹೆಸರಿತ್ತು, ಅವಳನ್ನೇ ಕರೆದರು. ಅವಳ ಗಂಡ ಬಂದರಿನಲ್ಲಿ ಸಿಮೆಂಟು ಮೂಟೆ ಹೊತ್ತು ಎದೆ ಹಾಳುಮಾಡಿಕೊಂಡು ಚಾಪೆ ಹಿಡಿದಿದ್ದ. ಕೆಲಸದ ಜೊತೆ ಔಷಧಿಯೂ ಬರುತ್ತಿತ್ತು. ಅವನ ಮುಂದೆ ಒಂದು ದಿನ ಅವಳು ಎಲ್ಲವನ್ನೂ ಹೇಳಿಕೊಂಡಳು. ಅವನು ಕೆಮ್ಮು ನಿಲ್ಲುವವರೆಗೆ ಕಾದು, “ಈಗ ಹೇಳಿದ್ರೆ ಬಾವುಟ ಕಿತ್ಕೊಂಡು ಹೋಗ್ತಾರಾ? ಬಾಯಿ ಮುಚ್ಕೊಂಡಿರು,” ಎಂದ.

ಮುಚ್ಚಿಕೊಂಡಿದ್ದಳು. ಬೆನ್ನ ಮೇಲೆ ‘ನದಿ ರಕ್ಷಕಿ’ ಎಂದು ಬರೆದ ಹಳದಿ ಕೋಟು ಹಾಕಿಕೊಂಡು, ಬಂದರಿನ ಗೇಟಿನ ಪಕ್ಕ ನೆಟ್ಟ ನಲವತ್ತು ಸಸಿಗಳಿಗೆ ದಿನಾ ನೀರು ಹೊತ್ತಳು. ಬಂದವರೆಲ್ಲ ಆ ಸಸಿಗಳ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಒಂದೊಂದು ಸಲ ಅವಳನ್ನೂ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಸ್ವಲ್ಪ ನಗಮ್ಮ ಎನ್ನುತ್ತಿದ್ದರು. ನಗುತ್ತಿದ್ದಳು. ಕೆಸರು ಬಿಟ್ಟ ಪಾದಗಳ ಗಾಯಗಳು ಮಾಯತೊಡಗಿದವು. ಮಾಯುವ ಗಾಯ ನೋಡಿದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಹೂಳು ಸುರಿಯುವ ದಿನ ಬಂತು. ಬೆಳಿಗ್ಗೆ ನೀರು ಇಳಿದಿತ್ತು. ದಂಡೆಯ ಉದ್ದಕ್ಕೂ ಹಗ್ಗ ಕಟ್ಟಿದ್ದರು, ಹಗ್ಗದ ಈಚೆ ಹೆಂಗಸರು. ಹೂಳೆತ್ತುವ ಹಡಗು ಬಂದು ನಿಂತಿತ್ತು. ಅದರ ದೊಡ್ಡ ಪೈಪಿನ ಬಾಯಿ ಬಾವುಟಗಳ ನಡುವೆ ತೆರೆದುಕೊಂಡಿತ್ತು. ನಾಲ್ಕು ಬಾವುಟದ ಬುಡದಿಂದಲೂ ಕೊನೆಯ ಸಲ ಕೆಸರು ಎತ್ತಿ ನೋಡಿ, ಜೀವವಿಲ್ಲ ಎಂದು ನದಿ ರಕ್ಷಕಿ ರುಜು ಹಾಕಬೇಕು. ರುಜು ಬಿದ್ದ ಮೇಲೆಯೇ ಪೈಪು ಬಿಡುವುದು. ಅದೂ ಕಾನೂನೇ.

ದೋಣಿಯ ಕಡೆ ಹೋಗುತ್ತಿದ್ದವಳ ಕೈಯನ್ನು ನಾದಿನಿ ಹಗ್ಗದ ಮೇಲಿಂದ ಹಿಡಿದುಕೊಂಡಳು. ಅವಳ ಸೊಂಟದಲ್ಲಿ ಖಾಲಿ ಬುಟ್ಟಿ ಇತ್ತು.

“ಅತ್ತಿಗೆ, ನೀನು ಒಳಗಿದ್ದೀಯ. ನಿನ್ನ ಮಾತು ಕೇಳ್ತಾರೆ. ನಾನು ಸರಿಯಾಗೇ ತೋರಿಸಿದ್ದೆ, ಆ ಹುಡುಗಿ ಸುಳ್ಳು ಬರೆದಳು ಅಂತ ಒಂದ್ ಮಾತು ಹೇಳು.”

ಕಾಲ್ಗಣ್ಣಿ ಕೈ ಬಿಡಿಸಿಕೊಂಡು ದೋಣಿ ಹತ್ತಿದಳು. ಚುಕ್ಕಾಣಿಯಲ್ಲಿ ಇವತ್ತೂ ಅದೇ ವ್ಯಾಪಾರಿಯ ಮೊಮ್ಮಗ. ಒಂದನೇ ಬಾವುಟ, ಖಾಲಿ. ಎರಡು, ಮೂರು, ಖಾಲಿ. ನಾಲ್ಕೂ ಖಾಲಿ. ಬರಡು ಕೆಸರಲ್ಲಿ ಏನಿರುತ್ತದೆ? ತಕ್ಕಡಿ ಸಾಹೇಬ ಹಾಳೆಯನ್ನೂ ಪೆನ್ನನ್ನೂ ಅವಳ ಕೈಗಿಟ್ಟ. ಇಡುತ್ತ, ಸುಮ್ಮನೆ ಮಾತಿಗೆ ಮಾತು ಎಂಬಂತೆ ಆ ಹುಡುಗಿಯ ವಿಷಯ ತೆಗೆದ. ಇನ್ನೊಂದು ಸಲ ನೋಡಲು ಬಿಡಿ ಎಂದು ಕಾಗದದ ಮೇಲೆ ಕಾಗದ ಬರೆದಳಂತೆ. ಕೊನೆಗೆ ಅವಳನ್ನು ತೆಗೆದು ಹಾಕಬೇಕಾಯಿತಂತೆ.

“ನಿನ್ನನ್ನ ಕೇಳೋಣ ಅಂದ್ವಿ. ಅವಳೇ ಬೇಡ ಅಂದಳು. ತಪ್ಪು ನನ್ನದು, ದಾರಿ ತೋರಿಸಿದವರದಲ್ಲ ಅಂತ ಬರೆದುಕೊಟ್ಟು ಹೋದಳು. ಒಂಥರಾ ಹುಡುಗಿ.”

ಪೆನ್ನು ಹಿಡಿದ ತನ್ನ ಕೈಯನ್ನೇ ಕಾಲ್ಗಣ್ಣಿ ನೋಡಿದಳು. ಇದೇ ಕೈ. ಕೆಸರು ಎಸೆದದ್ದು ಇದೇ. ಬರಡು ತೋರಿಸಿದ್ದೂ ಇದೇ. ಹಾಳೆಯನ್ನೂ ಪೆನ್ನನ್ನೂ ದೋಣಿಯ ಹಲಗೆಯ ಮೇಲಿಟ್ಟಳು.

“ಹಾಕಲ್ಲ ಸಾರ್,” ಎಂದಳು.

“ಯಾಕಮ್ಮ?”

“ಜೀವ ಇದೆ.”

“ನಾಲ್ಕೂ ಕಡೆ ಖಾಲಿ. ನೀನೇ ಎತ್ತಿ ನೋಡಿದೆಯಲ್ಲ.”

“ಖಾಲಿ ಇರೋ ಕಡೇನೇ ನಾನು ತೋರಿಸಿದ್ದು.”

ಅವನಿಗೆ ಅರ್ಥವಾಗುವ ಮೊದಲೇ ಅವಳು ದೋಣಿಯಿಂದ ಇಳಿದಳು. ನೀರು ಸೊಂಟಕ್ಕೆ ಬಂತು. ಮೂವತ್ತು ಮಾರು ನಡೆದಳು. ವರ್ಷವಾಗಿತ್ತು ಇಳಿಯದೆ. ಎಳೆಯ ಚರ್ಮ ಬಂದಿದ್ದ ಪಾದ ಮೊದಲ ಹೆಜ್ಜೆಗೇ ಕೊಯ್ದುಕೊಂಡಿತು. ಬೆರಳ ಸಂದಿಗೆ ಒಂದು ಸಿಕ್ಕಿತು, ಪಕ್ಕದಲ್ಲೇ ಇನ್ನೊಂದು, ಅದರ ಪಕ್ಕ ಮತ್ತೊಂದು. ಒತ್ತೊತ್ತಾಗಿ ಕೂತಿದ್ದವು. ಎಲ್ಲ ಸತ್ತವು ಎಂದು ಅವಳು ಹೇಳಿದ ದಿನದಿಂದ ಅವು ಇನ್ನೂ ದಪ್ಪವಾಗಿದ್ದವು. ಬೊಗಸೆ ತುಂಬ ಎತ್ತಿ ತಂದು ದೋಣಿಯ ಹಲಗೆಯ ಮೇಲೆ, ಅವನ ಹಾಳೆಯ ಮೇಲೆಯೇ ಸುರಿದಳು. ಒಂದು ಚಿಪ್ಪು ಬಾಯಿ ಬಿಟ್ಟು ಸುರ್ರೆಂದು ನೀರು ಉಗುಳಿತು. ಅಕ್ಷರ ಕದಡಿತು.

ಸಾಹೇಬನ ಕೈ ಈ ಸಲ ತಕ್ಕಡಿಯಾಗಲಿಲ್ಲ. ಅವನು ದಂಡೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

“ಈಗ ಹೇಳಿದ್ರೆ ಹೇಗಮ್ಮ? ನಿನ್ನ ಕೆಲಸ ಹೋಗುತ್ತೆ, ಔಷಧಿ ಹೋಗುತ್ತೆ. ಅದು ಹಾಳಾಗಿ ಹೋಗಲಿ. ಅಲ್ಲಿ ನಿಂತಿದ್ದಾರಲ್ಲ ನಿನ್ನವರು, ಅವರು ನಿನ್ನನ್ನ ಬಿಡ್ತಾರಾ?”

“ಬಿಡಬಾರದು ಸಾರ್,” ಎಂದಳು.

ಹಳದಿ ಕೋಟು ಬಿಚ್ಚಿದಳು. ಚಿಪ್ಪುಗಳನ್ನು ಅದರಲ್ಲೇ ಗಂಟು ಕಟ್ಟಿಕೊಂಡು ದಂಡೆಯ ಕಡೆ ನಡೆದಳು. ಕೆಸರಲ್ಲಿ ನಡೆಯುವುದು ನಿಧಾನದ ಕೆಲಸ. ಒಂದು ಕಾಲು ಕಿತ್ತರೆ ಇನ್ನೊಂದು ಹೂತುಕೊಳ್ಳುತ್ತದೆ. ಎಲ್ಲ ಹೆಂಗಸರೂ ತನ್ನನ್ನೇ ನೋಡುತ್ತಿದ್ದಾರೆ, ಆಸೆಯಿಂದ ನೋಡುತ್ತಿದ್ದಾರೆ ಎಂಬುದು ಅವಳಿಗೆ ದೂರದಿಂದಲೇ ಕಾಣುತ್ತಿತ್ತು. ಆ ಆಸೆಯನ್ನು ನೋಡುತ್ತ ನಡೆಯುವುದಕ್ಕಿಂತ ಮುಳುಗಿ ಹೋಗುವುದು ಸುಲಭವಿತ್ತು. ಹಗ್ಗದ ಹತ್ತಿರ ಬಂದು ನಾದಿನಿಯ ಕಾಲ ಬಳಿ ಗಂಟು ಬಿಚ್ಚಿದಳು.

“ಆ ಹುಡುಗಿ ಸುಳ್ಳು ಬರೆಯಲಿಲ್ಲ. ನಾನೇ ಬರಡು ತೋರಿಸಿದ್ದು. ಎಲ್ಲ ಸತ್ತಿವೆ ಅಂದಿದ್ದೂ ನಾನೇ. ಅದನ್ನ ಕೇಳೋಕೆ ಅವಳು ಬಂದಿದ್ದಳು. ಅವಳು ಮಾತಾಡಬಾರದು ಅಂತ ಬಾಯಿಗೆ ಕೆಸರು ಹಾಕಿದೆ.”

ಅವತ್ತು ಕೆಸರು ಎಸೆದ ಇಪ್ಪತ್ತು ಕೈಗಳೂ ಅಲ್ಲಿದ್ದವು. ಒಬ್ಬಳು ತನ್ನ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಕಾಲ್ಗಣ್ಣಿ ಅತ್ತೆಯ ಹೆಸರನ್ನೋ ಮೋಟಾರು ದೋಣಿಯವನ ಹೆಸರನ್ನೋ ಹೇಳುತ್ತಿದ್ದಳೇನೋ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾದಿನಿ ಬಗ್ಗಿದಳು. ಚಿಪ್ಪು ಎತ್ತಿಕೊಳ್ಳಲು ಅಲ್ಲ. ಮುಷ್ಟಿ ತುಂಬ ಕೆಸರು ಎತ್ತಿದಳು. ಕಾಲ್ಗಣ್ಣಿ ಕೈ ಅಡ್ಡ ಹಿಡಿಯಲಿಲ್ಲ, ಮುಖ ತಿರುಗಿಸಲಿಲ್ಲ. ಕೆಸರು ಬಂದು ಬಾಯಿಗೇ ಬಡಿಯಿತು. ಹಲ್ಲಿನಲ್ಲಿ ಮರಳು ಕರಕರ ಎಂದಿತು.

ಎರಡನೆಯ ಮುಷ್ಟಿಗೆ ಕೈ ಹಾಕಿದ ನಾದಿನಿ ಅರ್ಧಕ್ಕೇ ನಿಂತಳು. ಹಡಗು ಒಂದು ಸಲ ಕೂಗಿತು. ಅವಳು ಕೆಸರನ್ನು ಕೆಳಗೆ ಬಿಟ್ಟು, ಹಗ್ಗವನ್ನು ಎತ್ತಿ ಅದರ ಕೆಳಗಿಂದ ನುಸುಳಿ ನೀರಿನ ಕಡೆಗೆ ಬಂದಳು. ಅಳುತ್ತಿದ್ದಳು. ಕಾಲ್ಗಣ್ಣಿಯ ರಟ್ಟೆ ಹಿಡಿದು ಹೊಳೆಯ ಕಡೆಗೆ ದಬ್ಬಿದಳು.

“ನಡಿ. ಈಗ ತೋರಿಸು.”

ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನುಸುಳಿದರು. ಕಾವಲಿನವರು ಇಬ್ಬರನ್ನು ತಡೆದರು, ಆಮೇಲೆ ಕೈಬಿಟ್ಟರು. ನಲವತ್ತು ಹೆಂಗಸರು ಸೊಂಟದ ನೀರಿನಲ್ಲಿ, ಪೈಪಿನ ಬಾಯಿಯ ಎದುರು ಬಂದು ನಿಂತರು. ಕಾಲ್ಗಣ್ಣಿಯ ಜೊತೆ ಒಬ್ಬಳೂ ಮಾತಾಡಲಿಲ್ಲ. ಪಕ್ಕದಲ್ಲಿ ನಿಲ್ಲಲಿಲ್ಲ. ಇನ್ನು ಯಾವತ್ತೂ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ನ್ಯಾಯವೇ ಅನಿಸಿತು.

ಸಾಹೇಬ ದೋಣಿಯಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೂಂ ಸಾರ್, ಹೂಂ ಸಾರ್ ಎನ್ನುತ್ತಿದ್ದ. ಫೋನು ಕಿವಿಯಿಂದ ತೆಗೆಯದೆಯೇ ಕೂಗಿ ಕೇಳಿದ, ಹಾಸು ಎಲ್ಲಿಂದ ಎಲ್ಲಿಯವರೆಗೆ ಎಂದು. ಅವನ ಪಕ್ಕದಲ್ಲಿ ಮೋಟಾರು ದೋಣಿಯವನು ಬೀಡಿ ಬಿಸಾಡಿ ಎದ್ದು ನಿಂತ. ಅವನ ಕಣ್ಣು ಅವಳ ಕೈ ಮೇಲಿತ್ತು.

ಅತ್ತೆ ಹೊಡೆದ ಕೆನ್ನೆ ಈಗಲೂ ಚುರುಗುಟ್ಟಿತು. ಕಾಲ್ಗಣ್ಣಿ ಕೈ ಎತ್ತಿದಳು, ಪಕ್ಕಕ್ಕೆ ಸರಿಯದ ಹಾಗೆ ಇನ್ನೊಂದು ಕೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

“ಇಲ್ಲಿಂದ, ಆ ಬಾಗಿದ ಕಡೆ, ಅಲ್ಲೀವರೆಗೆ,” ಎಂದಳು. ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದಳು. ಬಾಯಿಯ ಕೆಸರನ್ನು ಒರೆಸಿಕೊಳ್ಳಲಿಲ್ಲ.